ಪೆನ್ಸಿಲ್ ಆಮೇಲೆ ಕೊಡೋಣ: ಎಲ್‌ಕೆಜಿ ತರಗತಿಯ ಒಂದು ದಿನ ನಡೆಸುವುದು ಹೇಗೆ

ಜೂನ್ ಬಂತೆಂದರೆ ಮೂಡಿಗೆರೆ, ಸಕಲೇಶಪುರ ಕಡೆ ಮಳೆಯೂ ಶುರು, ಎಲ್‌ಕೆಜಿ ಮಕ್ಕಳ ಅಳುವೂ ಶುರು. ಹೊಸದಾಗಿ ಸೇರಿದ ಟೀಚರ್‌ಗೆ ಒಂದು ಕಡೆ ಈ ಅಳು. ಇನ್ನೊಂದು ಕಡೆ ಬಾಗಿಲಲ್ಲೇ ನಿಂತು "ಮಿಸ್, ಬರೆಸೋದು ಯಾವಾಗ ಶುರು ಮಾಡ್ತೀರಾ?" ಅಂತ ಕೇಳುವ ಅಪ್ಪ-ಅಮ್ಮಂದಿರು. ಇವೆರಡರ ನಡುವೆ ಸಿಕ್ಕಿಕೊಂಡು ಬಹಳ ಜನ ಮೊದಲ ವಾರವೇ ಸ್ಲೇಟು ಹಂಚಿಬಿಡುತ್ತಾರೆ. ಮಕ್ಕಳು ತೆಪ್ಪಗೆ ಕೂರುತ್ತಾರೆ. ಹೊರಗಿನಿಂದ ನೋಡಿದವರಿಗೆ ಪಾಠ ಜೋರಾಗಿ ನಡೀತಿದೆ ಅನ್ನಿಸುತ್ತದೆ. ಆದರೆ ನಾಲ್ಕು ವರ್ಷದ ಮಗು ಕಲಿಯುವುದು ಮಾತಾಡುವಾಗ, ಮುಟ್ಟಿ ನೋಡುವಾಗ, ಓಡಾಡುವಾಗ. ಮೊದಲು ಬಾಯಿ, ಆಮೇಲೆ ಕೈ, ಕೊನೆಗೆ ಪೆನ್ಸಿಲ್. ಈ ಕ್ರಮ ಬಿಡದೆ ಒಂದು ದಿನವನ್ನು ಹೇಗೆ ನಡೆಸಬಹುದು ಅಂತ ಇಲ್ಲಿ ಬರೆದಿದ್ದೇನೆ.

25 ಮಕ್ಕಳು, ಒಬ್ಬರು ಟೀಚರ್, ಒಬ್ಬರು ಆಯಮ್ಮ, ಒಂದೇ ಕೋಣೆ, ಬೆಳಿಗ್ಗೆ 9.30ರಿಂದ ಮಧ್ಯಾಹ್ನದವರೆಗೆ ಅಂತ ಇಟ್ಟುಕೊಂಡಿದ್ದೇನೆ. ಅಂಗನವಾಡಿ ಇರಲಿ, ಸರ್ಕಾರಿ ಶಾಲೆಯ ಎಲ್‌ಕೆಜಿ ಇರಲಿ, ಪೇಟೆಯ ಕಾನ್ವೆಂಟ್ ಇರಲಿ, ಅಲ್ಲಲ್ಲಿ ಸ್ವಲ್ಪ ಬದಲಾಯಿಸಿಕೊಂಡರೆ ಸಾಕು.

ಹಿಂದಿನ ಸಂಜೆಯೇ ಸಾಮಾನು ಜೋಡಿಸಿಡಿ

ದುಡ್ಡು ಕೊಟ್ಟು ತರಬೇಕಾದ್ದು ಕಡಿಮೆ. ಹಳೆಯ ಲಗ್ನಪತ್ರಿಕೆ ದಪ್ಪಗಿರುತ್ತದೆ, ಹಿಂಬದಿ ಖಾಲಿ ಇರುತ್ತದೆ. ಕತ್ತರಿಸಿ ಚಿತ್ರ ಬರೆದರೆ ಕಾರ್ಡು ಸಿದ್ಧ. ನೀರಿನ ಬಾಟಲಿಯ ಮುಚ್ಚಳ, ಖಾಲಿ ಬೆಂಕಿಪೊಟ್ಟಣ, ಹಳೇ ಪೇಪರ್, ಬಟ್ಟೆ ಕ್ಲಿಪ್, ಒಂದು ಬಟ್ಟೆ ಚೀಲ, ಅಗಲದ ತಟ್ಟೆ, ಎರಡು ಪಾವು ರಾಗಿ. ಅರಸೀಕೆರೆ, ಕಡೂರು ಕಡೆಯವರಿಗೆ ತೆಂಗಿನ ಕರಟ ಬೇಕಾದಷ್ಟು ಸಿಗುತ್ತದೆ. ಮಲೆನಾಡಿನವರಿಗೆ ಎಲೆಗೆ, ಕಾಯಿಗೆ ಬರವಿಲ್ಲ. ಊರಲ್ಲಿ ಸಿಗುವುದನ್ನೇ ಇಟ್ಟರೆ ಅದರ ಬಗ್ಗೆ ಹೇಳಲು ಮಗುವಿನ ಹತ್ತಿರ ಏನಾದರೂ ಇರುತ್ತದೆ. ಪ್ಲಾಸ್ಟಿಕ್ ಸೇಬಿನ ಬಗ್ಗೆ ಅದು ಏನು ಹೇಳೀತು?

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಗುಲಗಂಜಿ ನೋಡಲು ಚೆಂದ ಅಂತ ಎಣಿಸಲು ತರುವವರಿದ್ದಾರೆ. ಅದು ವಿಷ. ಹರಳು ಬೀಜವೂ ವಿಷ. ಕಣಗಿಲೆ ಹೂವು, ಎಲೆ, ಉಮ್ಮತ್ತಿ ಕಾಯಿ ಕೋಣೆಯೊಳಗೆ ಬರಲೇಬಾರದು. ಎಲೆ-ಹೂ ಆರಿಸಲು ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವ ಮೊದಲು ನೀವೊಂದು ಸುತ್ತು ಹಾಕಿ ನೋಡಿಕೊಂಡು ಬನ್ನಿ. ಕಡಲೆ, ಬಟಾಣಿ, ಹುಣಸೆ ಬೀಜದಲ್ಲಿ ವಿಷವಿಲ್ಲ, ನಿಜ. ಆದರೆ ಇದು ಸಿಕ್ಕಿದ್ದನ್ನೆಲ್ಲ ಮೂಗಿಗೆ, ಕಿವಿಗೆ ತೂರಿಸಿ ನೋಡುವ ವಯಸ್ಸು. ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವೂ ಇದೆ. ಎಣಿಕೆಗೆ ದೊಡ್ಡ ಮುಚ್ಚಳವೇ ವಾಸಿ. ಬೀಜ ಬೇಕೇ ಬೇಕು ಅಂದರೆ ನಾಲ್ಕೈದು ಮಕ್ಕಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಮಾಡಿಸಿ. ಕೊಡುವಾಗ ಎಣಿಸಿ ಕೊಡಿ, ವಾಪಸ್ ತೆಗೆದುಕೊಳ್ಳುವಾಗ ಮಕ್ಕಳ ಕೈಯಲ್ಲೇ ಎಣಿಸಿ ತೆಗೆದುಕೊಳ್ಳಿ.

ಬಾಗಿಲಲ್ಲಿ: ಮೊದಲ 20 ನಿಮಿಷ

ಮಕ್ಕಳು ಒಟ್ಟಿಗೆ ಬರುವುದಿಲ್ಲ. ಒಬ್ಬರು ಆಟೋದಲ್ಲಿ, ಒಬ್ಬರು ಅಪ್ಪನ ಬೈಕಲ್ಲಿ, ಎಸ್ಟೇಟ್ ಲೈನಿನ (ತೋಟದ ಕೂಲಿಯವರ ಸಾಲುಮನೆಯ) ಮಕ್ಕಳು ಅಕ್ಕಂದಿರ ಕೈ ಹಿಡಿದು. ಎಲ್ಲರೂ ಬರುವವರೆಗೆ ಕೈಕಟ್ಟಿ ಕೂರಿಸಬೇಡಿ. ಬಂದ ಕೂಡಲೇ ಮಾಡಲು ಪ್ರತಿ ಮಗುವಿಗೂ ಒಂದು ಕೆಲಸ ಇರಲಿ.

ಹಾಜರಿಯನ್ನೇ ಆ ಕೆಲಸ ಮಾಡಬಹುದು. ಲಗ್ನಪತ್ರಿಕೆಯ ತುಂಡಿನ ಮೇಲೆ ಮಗುವಿನ ಹೆಸರು, ಪಕ್ಕದಲ್ಲಿ ಅದು ತಾನೇ ಆರಿಸಿಕೊಂಡ ಒಂದು ಗುರುತು: ಛತ್ರಿ, ಮೀನು, ಎಲೆ, ಬಸ್ಸು. ಡಬ್ಬಿಯಿಂದ ತನ್ನ ಕಾರ್ಡು ಹುಡುಕಿ, ದಾರಕ್ಕೆ ಕ್ಲಿಪ್ ಹಾಕಿ ನೇತುಹಾಕಬೇಕು. ಮೊದಮೊದಲು ಗುರುತು ನೋಡಿ ಹುಡುಕುತ್ತದೆ. ದಿನ ಕಳೆದ ಹಾಗೆ ಹೆಸರಿನ ಮೊದಲ ಅಕ್ಷರ ಕಣ್ಣಿಗೆ ಕೂರುತ್ತದೆ. ಒಂದು ದಿನ ಗುರುತಿನ ಮೇಲೆ ಬೆರಳಿಟ್ಟು ಮುಚ್ಚಿ, "ಇದು ಯಾರದು?" ಅಂತ ಕೇಳಿ ನೋಡಿ. ಕ್ಲಿಪ್ ಒತ್ತುವುದರಿಂದ ಬೆರಳಿಗೂ ಕಸರತ್ತು. ಕೊನೆಗೆ ಡಬ್ಬಿಯಲ್ಲಿ ಉಳಿದ ಕಾರ್ಡು ನೋಡಿ ಯಾರು ಬಂದಿಲ್ಲ ಅಂತ ಮಕ್ಕಳೇ ಹೇಳುತ್ತಾರೆ.

ಅಳುವ ಮಗುವಿಗೆ "ಅಮ್ಮ ಇಲ್ಲೇ ಹೊರಗಿದ್ದಾರೆ" ಅಂತ ಸುಳ್ಳು ಹೇಳಬೇಡಿ. ಅಮ್ಮನೂ ಕಣ್ತಪ್ಪಿಸಿ ಹೋಗುವುದು ಬೇಡ. ಟಾಟಾ ಮಾಡಿ, "ಊಟ ಆದ ಮೇಲೆ ಬರ್ತೀನಿ" ಅಂತ ಹೇಳಿ ಹೋಗಲಿ. ಆಮೇಲೆ ಮಗುವಿನ ಕೈಗೆ ಒಂದು ಸಣ್ಣ ಕೆಲಸ ಕೊಡಿ. ಚಾಪೆ ಹಾಸುವುದು, ಗಿಡಕ್ಕೆ ನೀರು ಹಾಕುವುದು, ಏನಾದರೂ ಸರಿ.

ಮಳೆಗಾಲದಲ್ಲಿ ಚಪ್ಪಲಿ, ಛತ್ರಿ, ರೈನ್‌ಕೋಟ್ ರಾಶಿ ಬೀಳುತ್ತದೆ. ಬೈಯುವ ಬದಲು ಜೋಡಿಸಲು ಹೇಳಿ. ಚಿಕ್ಕ ಚಪ್ಪಲಿಯಿಂದ ದೊಡ್ಡ ಚಪ್ಪಲಿವರೆಗೆ ಸಾಲು, ಪ್ರತಿಯೊಂದಕ್ಕೂ ಅದರ ಜೊತೆ. ಗಣಿತ ಅಲ್ಲೇ ಶುರುವಾಯಿತು.

ದುಂಡಗೆ ಕೂತು ಮಾತು

ಇಡೀ ದಿನದಲ್ಲಿ ಯಾವುದಾದರೂ ಒಂದನ್ನು ಮಾತ್ರ ಉಳಿಸಿಕೊಳ್ಳಿ ಅಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ. ಚಾಪೆ ಮೇಲೆ ದುಂಡಗೆ ಕೂರಿಸಿ, ನೀವೂ ನೆಲದ ಮೇಲೆ ಕೂರಿ. 15 ನಿಮಿಷ ಸಾಕು, ಜಾಸ್ತಿ ಎಳೆದರೆ ಮಕ್ಕಳು ಒಬ್ಬರಿಗೊಬ್ಬರು ಗುದ್ದಲು ಶುರು ಮಾಡುತ್ತಾರೆ.

ಮೊದಲು ಸುದ್ದಿ. "ನಿನ್ನೆ ಮನೇಲಿ ಏನಾಯ್ತು?" ಎಲ್ಲರನ್ನೂ ದಿನಾ ಕೇಳಲು ಆಗುವುದಿಲ್ಲ. ದಿನಕ್ಕೆ ಐದಾರು ಮಕ್ಕಳು ಮಾತಾಡಲಿ. ಉಳಿದವರು ಕೇಳಲಿ. ಆಲೂರು, ಸಕಲೇಶಪುರ, ಮೂಡಿಗೆರೆ ಕಡೆ ಈ ಸುದ್ದಿಯಲ್ಲಿ ಆನೆ ಬಂದೇ ಬರುತ್ತದೆ. "ಮಿಸ್, ನಿನ್ನೆ ರಾತ್ರಿ ತೋಟಕ್ಕೆ ಆನೆ ಬಂದಿತ್ತು, ಅಪ್ಪ ಪಟಾಕಿ ಹೊಡೆದ್ರು." ಪುಸ್ತಕದ ಆನೆ ಬಾಳೆಹಣ್ಣು ತಿಂದು ಸೊಂಡಿಲಾಡಿಸುತ್ತದೆ. ಈ ಮಗುವಿನ ಆನೆ ಬೇಲಿ ಮುರಿದಿದೆ. "ಹೌದಾ, ಸರಿ, ಕೂತ್ಕೋ" ಅಂತ ಮುಗಿಸಬೇಡಿ. ಎಷ್ಟು ಆನೆ ಇತ್ತು, ಶಬ್ದ ಹೇಗಿತ್ತು, ನೀನು ಎಲ್ಲಿದ್ದೆ ಅಂತ ಕೇಳಿ. ಹೆದರಿಕೆ ಹೊರಗೆ ಬರುತ್ತದೆ. ಅದರ ಜೊತೆ ಮೊದಲು-ಆಮೇಲೆ-ಕೊನೆಗೆ ಅಂತ ವಿಷಯ ಜೋಡಿಸಿ ಹೇಳುವ ಅಭ್ಯಾಸವೂ ಆಗುತ್ತದೆ.

ಆಮೇಲೆ ಚೀಲದ ಆಟ. ಬಟ್ಟೆ ಚೀಲದೊಳಗೆ ಒಂದು ಸೌಟು, ಬಾಚಣಿಗೆ, ಕರಟ, ಸ್ವಲ್ಪ ಹತ್ತಿ, ಕಾಫಿ ತೋಟದ ಸಿಲ್ವರ್ (ಸಿಲ್ವರ್ ಓಕ್) ಮರದ ಒಂದು ಎಲೆ. ಮಗು ಕಣ್ಣು ಮುಚ್ಚಿ ಕೈ ಹಾಕಬೇಕು, ವಸ್ತುವಿನ ಹೆಸರು ಹೇಳದೆ ಅದು ಹೇಗಿದೆ ಅಂತ ಹೇಳಬೇಕು. ಉಳಿದವರು ಅದೇನೆಂದು ಹೇಳಬೇಕು. ಕೈ ಹಾಕಿದ ಮಗು ಮೊದಲು ಸುಮ್ನೆ ನಗುತ್ತದೆ. ಭುಜ ಮೇಲೆತ್ತುತ್ತದೆ. ಇಲ್ಲಿ ನಾವು ಬಾಯಿ ಹಾಕಬಾರದು. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಟೀಚರ್ ಆದವರಿಗೆ ಈ ಐದು ಎಣಿಸುವುದೇ ಕಷ್ಟದ ಕೆಲಸ! ಅಷ್ಟರಲ್ಲಿ "ಚುಚ್ತದೆ" ಅನ್ನುತ್ತದೆ ಮಗು. "ಸಾಲಾಗಿ ಚುಚ್ತದೆ." ಬಾಚಣಿಗೆಯ ಬಗ್ಗೆ ಇದಕ್ಕಿಂತ ಒಳ್ಳೆಯ ವಿವರಣೆ ನಮ್ಮಿಂದಲೂ ಆಗಲಿಕ್ಕಿಲ್ಲ, ಅಲ್ವಾ?

ತೋಟದ ಸೀಮೆಯ ತರಗತಿಯಲ್ಲಿ ಕನ್ನಡದ ಜೊತೆ ತುಳು, ತಮಿಳು, ಉರ್ದು, ಲಂಬಾಣಿ, ಕೆಲವು ಕಡೆ ಹಿಂದಿ ಮಾತಾಡುವ ಮಕ್ಕಳೂ ಇರುತ್ತಾರೆ. ಮಗು ಮನೆಮಾತಿನಲ್ಲಿ ಹೇಳಿದರೆ ತಡೆಯಬೇಡಿ. ಅದು ಹೇಳಿದ್ದನ್ನೇ ನೀವು ಕನ್ನಡದಲ್ಲಿ ಒಂದು ಸಲ ಹೇಳಿ ಮುಂದೆ ಹೋಗಿ. ತಿದ್ದಿದ ಹಾಗೆ ಕಾಣಬಾರದು.

ಚಪ್ಪಾಳೆಯಲ್ಲಿ ಅಕ್ಷರ

ದುಂಡಗೆ ಕೂತಿರುವಾಗಲೇ ಇದನ್ನೂ ಮಾಡಿ, ಐದು ನಿಮಿಷದ ಕೆಲಸ. ಪದವನ್ನು ಬಿಡಿಸಿ ಹೇಳುತ್ತಾ ಚಪ್ಪಾಳೆ ತಟ್ಟುವುದು. ಕಾ-ಫಿ, ಎರಡು. ಹಾ-ಸ-ನ, ಮೂರು. ಬೇ-ಲೂ-ರು, ಅದೂ ಮೂರು. ಮೂ-ಡಿ-ಗೆ-ರೆ ನಾಲ್ಕು. ಚಿ-ಕ್ಕ-ಮ-ಗ-ಳೂ-ರು ಆರು, ಸ-ಕ-ಲೇ-ಶ-ಪು-ರ ಕೂಡ ಆರು. ತಮ್ಮ ಹೆಸರಿಗೆ ಎಷ್ಟು ಚಪ್ಪಾಳೆ ಅಂತ ತಿಳಿಯಲು ಮಕ್ಕಳಿಗೆ ಎಲ್ಲಿಲ್ಲದ ಆಸೆ. ಮೂರು ಚಪ್ಪಾಳೆಯ ಹೆಸರಿನವರೆಲ್ಲ ಎದ್ದು ನಿಲ್ಲಿ, ಎರಡು ಚಪ್ಪಾಳೆಯವರು ಕುಪ್ಪಳಿಸಿ, ಹೀಗೆ ಬೆಳೆಸಬಹುದು.

ಇದು ಪಳಗಿದ ಮೇಲೆ ಮೊದಲ ಸದ್ದು ಹುಡುಕಿಸಿ. "ಕಾ" ಅಂತ ಶುರುವಾಗುವುದು ಏನೇನಿದೆ? ಕಾಫಿ, ಕಾಗೆ, ಕಾಲು, ಕಾಡು. ಬೋರ್ಡಿನ ಮೇಲೆ ಏನೂ ಬರೆಯಬೇಡಿ. ಕನ್ನಡ ಬರವಣಿಗೆ ನಡೆಯುವುದೇ ಈ ಬಿಡಿ ಬಿಡಿ ಅಕ್ಷರದ ಲೆಕ್ಕದಲ್ಲಿ. ಕಿವಿ ಇದನ್ನು ಹಿಡಿದರೆ ಮುಂದೆ ಓದುವಾಗ ಅರ್ಧ ಕಷ್ಟ ಕಳೆಯುತ್ತದೆ.

ಎಣಿಕೆ: ಬಾಯಿಪಾಠವನ್ನು ನಂಬಬೇಡಿ

ನೂರರವರೆಗೆ ಗಡಗಡ ಹೇಳುವ ಮಗುವಿನ ಮುಂದೆ ಐದು ಮುಚ್ಚಳ ಇಡಿ. ಬೆರಳಿಟ್ಟು ಎಣಿಸಲು ಹೇಳಿ. ಒಂದು, ಎರಡು, ಮೂರು, ನಾಲ್ಕು, ಐದು. ಈಗ ಕೇಳಿ: "ಹಾಗಾದ್ರೆ ಒಟ್ಟು ಎಷ್ಟಿದೆ?" ಬಹಳ ಮಕ್ಕಳು ಮತ್ತೆ ಒಂದರಿಂದ ಎಣಿಸಲು ಶುರು ಮಾಡುತ್ತಾರೆ. ಕೊನೆಗೆ ಹೇಳಿದ "ಐದು" ಅನ್ನುವುದು ಕೊನೆಯ ಮುಚ್ಚಳದ ಹೆಸರಲ್ಲ, ಎಲ್ಲದರ ಲೆಕ್ಕ ಅಂತ ಅವರಿಗೆ ಇನ್ನೂ ಹೊಳೆದಿಲ್ಲ. ಕೆಲವರ ಬೆರಳು ಒಂದು ಕಡೆ, ಬಾಯಿ ಇನ್ನೊಂದು ಕಡೆ ಓಡುತ್ತದೆ. ಒಂದೇ ಮುಚ್ಚಳಕ್ಕೆ ಎರಡು ಸಲ ಲೆಕ್ಕ. ಇದು ದಡ್ಡತನ ಅಲ್ಲ, ಈ ವಯಸ್ಸಿನಲ್ಲಿ ಸಹಜ. ಆದರೆ ಇದು ಸರಿಯಾಗುವ ಮೊದಲೇ ಅಂಕಿ ಬರೆಸಿದರೆ ಮಗು ಚಿತ್ರ ತಿದ್ದಿದ ಹಾಗೆ 5 ತಿದ್ದುತ್ತದೆ, ಅಷ್ಟೇ.

ನಾಲ್ಕು ಮೆಟ್ಟಿಲು ಇಟ್ಟುಕೊಳ್ಳಿ: ಅನುಭವ, ಮಾತು, ಚಿತ್ರ, ಆಮೇಲೆ ಅಂಕಿ. "ಮೂರು" ಕಲಿಸುವುದಾದರೆ ಮೊದಲ ದಿನ ಮೂರು ಎಲೆ ತಾ, ಮೂರು ಹೆಜ್ಜೆ ಹಾಕು, ಮೂರು ಸಲ ಕುಪ್ಪಳಿಸು. ಮರುದಿನ ಬಾಯಿಮಾತು: ಮನೇಲಿ ಯಾವುದು ಮೂರು ಇದೆ? ಒಲೆಗೆ ಎಷ್ಟು ಕಲ್ಲು? ಆಟೋಗೆ ಎಷ್ಟು ಚಕ್ರ? ಅದರ ಮರುದಿನ ಮೂರು ಚುಕ್ಕಿಯ ಕಾರ್ಡು, ಮೂರು ಮೀನಿನ ಕಾರ್ಡು. ಇಷ್ಟಾದ ಮೇಲೆ 3 ತೋರಿಸಿ. ಒಂದು ಅಂಕಿಗೆ ಒಂದು ವಾರ ಹೋದರೆ ಹೋಗಲಿ.

ಎಣಿಕೆಗೆ ಪ್ರತ್ಯೇಕ ಪಿರಿಯಡ್ಡೂ ಬೇಕಿಲ್ಲ. ಊಟಕ್ಕೆ ತಟ್ಟೆ ಇಡುವ ಪಾಳಿ ಮಾಡಿ. ನಿನ್ನ ಸಾಲಿನಲ್ಲಿ ಆರು ಜನ, ಆರು ತಟ್ಟೆ ತಾ. ಒಂದು ಕಡಿಮೆ ಬಿದ್ದರೆ ಯಾರಿಗೋ ತಟ್ಟೆ ಇಲ್ಲ ಅಂತ ತಕ್ಷಣ ಗೊತ್ತಾಗುತ್ತದೆ, ನಾವು ತಪ್ಪು-ಸರಿ ಹೇಳುವ ಅಗತ್ಯವೇ ಇಲ್ಲ. ಕಾಫಿ ಕೊಯ್ಲು ಶುರುವಾಗುವ ನವೆಂಬರ್, ಡಿಸೆಂಬರ್‌ನಲ್ಲಿ ನಾಲ್ಕು ಕಾಫಿ ಹಣ್ಣು ತಂದು ಹಿಚುಕಿ ತೋರಿಸಿ. ಒಂದು ಹಣ್ಣಿಗೆ ಎರಡು ಬೀಜ. ಎರಡು ಹಣ್ಣಿಗೆ? ಅದೃಷ್ಟವಿದ್ದರೆ ಒಂದರಲ್ಲಿ ಒಂಟಿ ಬೀಜ ಸಿಗುತ್ತದೆ. ತೋಟದ ಮಕ್ಕಳಲ್ಲಿ ಯಾರಾದರೂ "ಅದು ಪಿಬಿ ಮಿಸ್" ಅಂದರೆ ಆಶ್ಚರ್ಯ ಬೇಡ, ಒಂಟಿ ಬೀಜಕ್ಕೆ ತೋಟದವರು ಹೇಳುವ ಪೀಬೆರಿಯ ಚಿಕ್ಕ ಹೆಸರು ಅದು. ಹಸಿರು, ಹಳದಿ, ಕೆಂಪು, ಒಣಗಿ ಕಪ್ಪಾದ ಕಾಯಿ, ಈ ನಾಲ್ಕನ್ನು ಕ್ರಮವಾಗಿ ಇಡಿಸಿದರೆ ಬಣ್ಣದ ಪಾಠವೂ ಆಯಿತು.

ಬೇರ್ಪಡಿಸುವ ಆಟಕ್ಕೆ ಎಲೆಯಷ್ಟು ಒಳ್ಳೆಯ ಸಾಮಾನಿಲ್ಲ. ಮೆಣಸಿನ ಬಳ್ಳಿಯ ಎಲೆ, ಕಾಫಿ ಎಲೆ, ಹಲಸಿನ ಎಲೆ, ಸಿಲ್ವರ್ ಎಲೆ ಬೆರೆಸಿ ರಾಶಿ ಹಾಕಿ, "ಒಂದೇ ಥರದ್ದು ಒಂದು ಕಡೆ ಹಾಕಿ" ಅನ್ನಿ. ಯಾವ ಥರ ಅಂತ ನೀವು ಹೇಳಬೇಡಿ. ಒಬ್ಬರು ಗಾತ್ರ ನೋಡಿ ಹಾಕುತ್ತಾರೆ, ಒಬ್ಬರು ನುಣುಪು-ಒರಟು ನೋಡಿ. "ಯಾಕೆ ಇಲ್ಲಿ ಹಾಕಿದೆ?" ಅಂತ ಮಾತ್ರ ಕೇಳಿ. ಅರೇಬಿಕಾ ಎಲೆ ಚಿಕ್ಕದು, ರೋಬಸ್ಟಾ ಎಲೆ ದೊಡ್ಡದು ಅಂತ ಅಪ್ಪನಿಂದ ಕೇಳಿ ತಿಳಿದ ಮಗು ಅವತ್ತು ನಿಮಗೇ ಪಾಠ ಮಾಡುತ್ತದೆ.

ಮೇಲೆ-ಕೆಳಗೆ, ಮುಂದೆ-ಹಿಂದೆ ಕಲಿಸಲು ನಮ್ಮ ಹಾಸನ ಜಿಲ್ಲೆಯಲ್ಲೇ ಹಳೇಬೀಡಿನ ದೇವಸ್ಥಾನದ ಕೆತ್ತನೆಯ ಗೋಡೆ ಇದೆ. ಅದರ ಫೋಟೋ ಒಂದನ್ನು ದೊಡ್ಡದಾಗಿ ಅಂಟಿಸಿ. ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಆನೆ, ಅದರ ಮೇಲೆ ಸಿಂಹ. ಕುದುರೆ ಸಾಲು ಎಲ್ಲಿದೆ ಹುಡುಕಿ. ಆಮೇಲೆ ಜೇಡಿಮಣ್ಣಿನಲ್ಲಿ ತಮ್ಮದೇ ಸಾಲು ಮಾಡಲಿ. ಆನೆ ಹಂದಿಯ ಹಾಗೆ ಬಂದರೂ ಅದು ಆನೆಯೇ.

ಬೆರಳಿಗೆ ಬಲ ಬಂದ ಮೇಲೆ ಬರವಣಿಗೆ

ಕಾನ್ವೆಂಟ್‌ಗಳಲ್ಲಿ ಎಲ್‌ಕೆಜಿ ಬರವಣಿಗೆ ಸ್ಟ್ಯಾಂಡಿಂಗ್ ಲೈನ್, ಸ್ಲೀಪಿಂಗ್ ಲೈನ್‌ನಿಂದ ಶುರುವಾಗುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಅದು ಸರಿ. ಕನ್ನಡ ಅಕ್ಷರಗಳು ದುಂಡು. ಬಳುಕುವ ಗೆರೆ, ಅರ್ಧ ಚಂದ್ರ, ಸುರುಳಿ ಬರದ ಕೈಗೆ "ಅ" ಬರೆಯುವುದು ಹಿಂಸೆ.

ಹಾಗಾಗಿ ಮೊದಲ ತಿಂಗಳುಗಳು ಬೆರಳಿಗೆ. ಪೇಪರ್ ಹರಿಯುವುದು, ಉಂಡೆ ಕಟ್ಟುವುದು, ದಾರ ಪೋಣಿಸುವುದು, ಚಪಾತಿ ಹಿಟ್ಟು ನಾದುವುದು. ಚಳಿಗಾಲದಲ್ಲಿ ಅವರೆಕಾಯಿ ಸುಲಿಸಿ, ಕಾಳು ಪಾತ್ರೆಗೆ ಬೀಳುವವರೆಗೆ ಪಕ್ಕದಲ್ಲೇ ಇರಿ. ಬಣ್ಣ ಬಳಿಯುವುದು ಹೇಗೂ ಎಲ್ಲ ಕಡೆ ಇದೆ, ಗೆರೆ ದಾಟಬಾರದು ಅನ್ನುವ ಕಟ್ಟುಪಾಡು ಬಿಟ್ಟರೆ ಸಾಕು.

ಅಕ್ಷರದ ಸರದಿ ಯುಕೆಜಿಗೆ ಬಂದ ಮೇಲೆ. ಅಲ್ಲೂ ಅ, ಆ, ಇ, ಈ ಅಂತ ಸಾಲು ಹಿಡಿದು ಹೋಗುವ ಹಠ ಬೇಡ. ಕನ್ನಡದ 49 ಅಕ್ಷರಗಳನ್ನು ಸಾಲಾಗಿ ಮುಗಿಸುವ ಹೊತ್ತಿಗೆ ಮಗುವಿಗೂ ಬೇಜಾರು, ನಮಗೂ ಬೇಜಾರು. ಸರ್ಕಾರಿ ಶಾಲೆಯಲ್ಲಿ ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ರ, ಗ, ಸ, ದ, ಅ ಮೊದಲು ಬರುತ್ತವೆ. ಈ ಐದು ಕಲಿತ ಮಗು ಆಗಲೇ ಸರ, ದರ, ಅರಸ, ಗರಗಸ ಓದುತ್ತದೆ. ಓದಿದ ಖುಷಿ ಬೇಗ ಸಿಕ್ಕರೆ ಮುಂದಿನ ಅಕ್ಷರಕ್ಕೆ ತಾನೇ ಕೈ ಚಾಚುತ್ತದೆ.

ಒಂದು ಅಕ್ಷರ ಹೀಗೆ ಮಾಡಿಸಿ. ಮೊದಲು ಆ ಸದ್ದಿನ ಪದ ಹೇಳಿಸಿ. ಆಮೇಲೆ ಇಡೀ ತೋಳು ಬೀಸಿ ಗಾಳಿಯಲ್ಲಿ ಬರೆಸಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮಗು ಮಲಗುವಷ್ಟು ದೊಡ್ಡ "ರ" ಬರೆದು ಅದರ ಮೇಲೆ ನಡೆಸಿ. ಎಲ್ಲಿಂದ ಶುರು, ಯಾವ ಕಡೆ ತಿರುವು ಅಂತ ಕಾಲಿಗೆ ಗೊತ್ತಾಗುತ್ತದೆ. ನಂತರ ತಟ್ಟೆಯಲ್ಲಿ ರಾಗಿ ಹರಡಿ ತೋರುಬೆರಳಿನಲ್ಲಿ ಬರೆಸಿ. ತಪ್ಪಿದರೆ ತಟ್ಟೆ ಅಲ್ಲಾಡಿಸಿದರೆ ಅಳಿಸಿಹೋಯಿತು, ರಬ್ಬರ್ ಬೇಡ, ಬೈಗುಳ ಬೇಡ. ಕೊನೆಗೆ ಸ್ಲೇಟು. ಬಳಪವನ್ನು ಅರ್ಧ ಬೆರಳಿನಷ್ಟು ಚಿಕ್ಕದಾಗಿ ಮುರಿದು ಕೊಡಿ. ತುಂಡು ಬಳಪವನ್ನು ಮುಷ್ಟಿಯಲ್ಲಿ ಹಿಡಿಯಲು ಬರುವುದಿಲ್ಲ, ತಾನಾಗಿ ಬೆರಳ ತುದಿಗೆ ಬರುತ್ತದೆ. ಎಡಗೈಯಲ್ಲಿ ಬರೆಯುವ ಮಗುವಿನ ಕೈ ಬದಲಿಸಬೇಡಿ, ಅಜ್ಜಿ ಏನೇ ಹೇಳಲಿ.

ಹೊರಗೆ, ಮಳೆ ಬಿಟ್ಟರೆ

ದಿನಕ್ಕೆ ಅರ್ಧ ಗಂಟೆಯಾದರೂ ಮಕ್ಕಳು ಮೈದಾನದಲ್ಲಿರಬೇಕು. ಕೆರೆ-ದಡ, ಕುಂಟೆಬಿಲ್ಲೆ, ಕಣ್ಣಾಮುಚ್ಚಾಲೆ ಸಾಕು. ಕೆರೆ-ದಡದಲ್ಲಿ ಮಾತು ಕೇಳಿಸಿಕೊಂಡು ಮೈ ತಡೆಯುವುದು ಕಲಿಯುತ್ತಾರೆ, ಮುಂದೆ ತರಗತಿಯಲ್ಲಿ ಗಮನ ಕೊಡಲು ಬೇಕಾದ್ದೂ ಅದೇ. ಮಳೆಗಾಲದಲ್ಲಿ ಹುಲ್ಲಿನ ಕಡೆ ಹೋಗಿ ಬಂದ ಮೇಲೆ ಕಾಲಿನ ಸಂದಿಯಲ್ಲಿ ಇಂಬಳ ಇದೆಯೇ ನೋಡಿ, ಉಪ್ಪಿನ ಡಬ್ಬಿ ಕೈಗೆಟುಕುವ ಹಾಗಿರಲಿ.

ಮಳೆ ಹಿಡಿದು ಬಿಡದ ದಿನ ಶೀಟಿನ ಮಾಡಿನ ಕೆಳಗೆ ನಿಮ್ಮ ದನಿ ನಿಮಗೇ ಕೇಳಿಸುವುದಿಲ್ಲ. ಕಿರುಚಿ ಗಂಟಲು ಕೆಡಿಸಿಕೊಳ್ಳಬೇಡಿ. ಅವತ್ತು ಮಾತಿಲ್ಲದ ಆಟ. ದೋಸೆ ಹುಯ್ಯುವುದು, ಛತ್ರಿ ಬಿಚ್ಚುವುದು, ಕಾಫಿ ಕೊಯ್ಯುವುದು, ಅಭಿನಯ ಮಾಡಿ ತೋರಿಸಲಿ, ಉಳಿದವರು ಕಂಡುಹಿಡಿಯಲಿ. ಅಂಗಳದಲ್ಲಿ ನೇರ ಅಂಚಿನ ಒಂದು ಡಬ್ಬಿ ಇಟ್ಟು, ದಿನಾ ನೀರು ಎಷ್ಟು ಬಂತು ಅಂತ ಕಡ್ಡಿ ಅದ್ದಿ, ಅಷ್ಟೇ ಉದ್ದದ ಗೆರೆಯನ್ನು ಗೋಡೆಯ ಕಾಗದದ ಮೇಲೆ ಎಳೆಯಿರಿ. ಸೋಮವಾರಕ್ಕಿಂತ ಮಂಗಳವಾರ ಜಾಸ್ತಿಯೋ ಕಡಿಮೆಯೋ ಅಂತ ಜಗಳವಾಡುತ್ತಾರೆ. ಆಡಲಿ.

ಒಂದೇ ಕಥೆ, ಇಡೀ ವಾರ

ದಿನಕ್ಕೊಂದು ಹೊಸ ಕಥೆ ಹುಡುಕಿ ಸುಸ್ತಾಗಬೇಡಿ. ಮಕ್ಕಳಿಗೆ ಬೇಕಾದ್ದು ಅದೇ ಕಥೆ, ಮತ್ತೆ ಮತ್ತೆ. ಸೋಮವಾರ ಬರೀ ಬಾಯಲ್ಲಿ ಹೇಳಿ. ಮರುದಿನ ಕರಟ, ಕೋಲು, ಟವೆಲ್ ಇಟ್ಟುಕೊಂಡು ಹೇಳಿ. ಬುಧವಾರ ಬೇಕಂತಲೇ ಒಂದು ತಪ್ಪು ಹೇಳಿ. ನರಿ ಬಾವಿಗೆ ಬಿತ್ತು ಅನ್ನುವಲ್ಲಿ ನರಿ ಬಸ್ ಹತ್ತಿತು ಅನ್ನಿ. ತರಗತಿ ಎದ್ದು ನಿಲ್ಲುತ್ತದೆ. ಆಮೇಲೆ ಮಕ್ಕಳೇ ಕಥೆ ಹೇಳಲಿ, ಆಡಿ ತೋರಿಸಲಿ. ಶನಿವಾರ ಚಿತ್ರ ಬರೆಯಲಿ, ಚಿತ್ರದ ಕೆಳಗೆ ಮಗು ಹೇಳಿದ ಒಂದು ಮಾತನ್ನು ಅದು ಹೇಳಿದ ಹಾಗೇ ನೀವು ಬರೆದುಕೊಡಿ. ತಾನು ಆಡಿದ ಮಾತು ಕಾಗದದ ಮೇಲೆ ನಿಲ್ಲುತ್ತದೆ ಅಂತ ಮಗುವಿಗೆ ಗೊತ್ತಾಗುವುದು ಅಲ್ಲಿ.

ಪುಸ್ತಕದಲ್ಲಿ ಬರೆದಿಡಿ, ಅಪ್ಪ-ಅಮ್ಮನಿಗೆ ತೋರಿಸಿ

"ಪಕ್ಕದ ಶಾಲೇಲಿ ಎ ಬಿ ಸಿ ಡಿ ಪೂರ್ತಿ ಬರೆಸಿದ್ದಾರೆ" ಅನ್ನುವ ಮಾತು ದೀಪಾವಳಿ ರಜೆ ಮುಗಿಯುವಷ್ಟರಲ್ಲಿ ಬಂದೇ ಬರುತ್ತದೆ. ಬರೀ ಸಮಜಾಯಿಷಿ ಕೊಟ್ಟರೆ ಯಾರೂ ಒಪ್ಪುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗೆ ಒಂದೇ ಹಂತ ಅಂತ ಮಾಡಿದೆ ಅಂತ ಹೇಳಿ. 2022ರಲ್ಲಿ ಆ ಹಂತಕ್ಕೆಂದೇ ಬಂದ ಪಠ್ಯಕ್ರಮ ಚೌಕಟ್ಟು, 6 ವರ್ಷದೊಳಗಿನ ಮಕ್ಕಳಿಗೆ ಪರೀಕ್ಷೆ ಸಲ್ಲದು ಅಂತ ಬರೆದಿರುವುದನ್ನೂ ಹೇಳಿ. ಆದರೆ ಅದಕ್ಕಿಂತ ಕೆಲಸ ಮಾಡುವುದು ನಿಮ್ಮ ನೋಟ್‌ಬುಕ್.

200 ಪುಟದ ಒಂದು ಪುಸ್ತಕ ತೆಗೆದುಕೊಂಡು ಪ್ರತಿ ಮಗುವಿಗೆ ಕೆಲವು ಪುಟ ಬಿಡಿ. ದಿನಕ್ಕೆ ನಾಲ್ಕು ಮಕ್ಕಳ ಬಗ್ಗೆ ಒಂದೊಂದು ಸಾಲು. "ಜಾಣ", "ಚೂಟಿ", "ಗಲಾಟೆ" ಇಂಥವು ಬೇಡ. ನೋಡಿದ್ದನ್ನು ಬರೆಯಿರಿ: "ಏಳು ತಟ್ಟೆ ಸರಿಯಾಗಿ ತಂದಳು. ಒಟ್ಟು ಎಷ್ಟು ಅಂದಾಗ ಮತ್ತೆ ಎಣಿಸಿದಳು." "ಚೀಲದ ಆಟದಲ್ಲಿ ಮೊದಲ ಸಲ ಬಾಯಿ ಬಿಟ್ಟ, ತಮಿಳಿನಲ್ಲಿ." ಯಾವ ಮಗುವಿನ ಪುಟ ಖಾಲಿ ಇದೆ ಅಂತ ವಾರಕ್ಕೊಮ್ಮೆ ನೋಡಿ. ಖಾಲಿ ಪುಟದ ಮಗು ಸಾಮಾನ್ಯವಾಗಿ ಹಿಂದೆ ಸುಮ್ಮನೆ ಕೂರುವ ಮಗು. ಮುಂದಿನ ವಾರ ಮೊದಲು ಅದರ ಪಕ್ಕ ಕೂರಿ.

ಕೊಯ್ಲಿನ ಸಮಯದಲ್ಲಿ ತೋಟಕ್ಕೆ ಹೋಗುವ ಅಮ್ಮಂದಿರನ್ನು ಮೀಟಿಂಗಿಗೆ ಕರೆದರೆ ಬರಲು ಆಗುವುದಿಲ್ಲ, ಕೂಲಿ ಕಳೆಯುತ್ತದೆ. ಮಗುವನ್ನು ಕರೆದುಕೊಂಡು ಹೋಗಲು ಬಂದಾಗಲೇ ಎರಡು ನಿಮಿಷ ನಿಲ್ಲಿಸಿ, ಆ ಮಗುವಿನ ಪುಟ ತೆರೆದು ಓದಿ ಹೇಳಿ. ಓದಲು ಬಾರದವರಿಗೂ ಇದು ಅರ್ಥವಾಗುತ್ತದೆ. ಮನೆಯಲ್ಲಿ ಮಾಡಲು ಒಂದೇ ಕೆಲಸ ಹೇಳಿ ಕಳಿಸಿ: ರಾತ್ರಿ ಊಟಕ್ಕೆ ತಟ್ಟೆ ಅವನ ಕೈಲೇ ಇಡಿಸಿ, ಒಟ್ಟು ಎಷ್ಟು ಅಂತ ಕೇಳಿ. ಏನು ಹೇಳಿದ ಅಂತ ನಾಳೆ ಬೆಳಿಗ್ಗೆ ಬಂದಾಗ ನನಗೆ ಹೇಳಿ.